ಕೈಗೆ ಜೇಡಿ, ವರದಿಯಲ್ಲಿ ಮರಳು

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ನಮ್ಮ ಮಣ್ಣು ಪರೀಕ್ಷೆಯ ಲ್ಯಾಬ್ ಕೊಟ್ಟ ವರದಿ ಹಿಡಿದು ವಾಪಸ್ ಬಂದರು. ‘ಮರಳು ಮಿಶ್ರಿತ ಗೋಡು ಅಂತ ಬರೆದಿದೀರಿ. ಮಳೆಗಾಲದಲ್ಲಿ ಒಂದ್ಸಲ ತೋಟಕ್ಕೆ ಕಾಲಿಟ್ಟು ನೋಡಿ ಸಾರ್, ಚಪ್ಪಲಿ ವಾಪಸ್ ಬರಲ್ಲ.’ (ಗೋಡು ಎಂದರೆ ಮರಳು, ಹೂಳು, ಜೇಡಿ ಮೂರೂ ಬೆರೆತ ಮಣ್ಣು.)

ಉಳಿದಿದ್ದ ಮಣ್ಣನ್ನು ಅಂಗೈಗೆ ಹಾಕಿ, ನೀರು ಚಿಮುಕಿಸಿ ಮಿದ್ದೆ. ಮೊದಲಿಗೆ ಚಿರೋಟಿ ರವೆಯ ಹಾಗೆ ತರಿತರಿ. ಮಿದ್ದಷ್ಟೂ ತರಿ ಕರಗಿ ಅಂಟು ಹೆಚ್ಚಿತು. ಹೆಬ್ಬೆರಳಿನಿಂದ ಒತ್ತಿ ತಳ್ಳಿದರೆ ಎರಡಂಗುಲದ ಪಟ್ಟಿ ತುಂಡಾಗದೆ ಬಂತು. ಮರಳು ಮಣ್ಣು ಹೀಗೆ ಬರುವುದಿಲ್ಲ. ತಪ್ಪು ನಮ್ಮದೇ.

ಮಲೆನಾಡಿನ ಕೆಂಪು ಮಣ್ಣಿನಲ್ಲಿ ಕಬ್ಬಿಣದ ಆಕ್ಸೈಡು ಜೇಡಿ ಕಣಗಳನ್ನು ಬೆಸೆದು ಸಣ್ಣ ಸಣ್ಣ ಹರಳು ಮಾಡಿಟ್ಟಿರುತ್ತದೆ. ಹೈಡ್ರೋಮೀಟರ್ (ಮಣ್ಣು ಕಲಕಿದ ನೀರಿನಲ್ಲಿ ತೇಲಿ ಅದರ ಸಾಂದ್ರತೆ ತೋರಿಸುವ ಗಾಜಿನ ಕೊಳವೆ) ಲೆಕ್ಕವೆಲ್ಲ ಕಣ ಎಷ್ಟು ಬೇಗ ಮುಳುಗುತ್ತದೆ ಎಂಬುದರ ಮೇಲೆ. ಕಲಕಿ ಬಿಟ್ಟ 40 ಸೆಕೆಂಡಿನಲ್ಲಿ ಮರಳು ತಳ ಸೇರುತ್ತದೆ, 0.002 ಮಿ.ಮೀ. ಜೇಡಿ ಕಣಕ್ಕೆ 20 ಡಿಗ್ರಿ ನೀರಿನಲ್ಲಿ 10 ಸೆಂ.ಮೀ. ಇಳಿಯಲು ಸುಮಾರು ಎಂಟು ತಾಸು ಬೇಕು. ಬೆಸೆದುಕೊಂಡ ಹರಳು ಒಡೆಯದಿದ್ದರೆ ಅದೂ ಮರಳಿನ ಜತೆ ಇಳಿದು ಮರಳಿನ ಖಾತೆಗೇ ಜಮೆ.

ವಿಚಾರಿಸಿದಾಗ ಗೊತ್ತಾಯಿತು: ಅದು ಜುಲೈ, ಮಾದರಿ ನೆರಳಲ್ಲಿ ಒಣಗುತ್ತಿಲ್ಲವೆಂದು ಹುಡುಗ 105 ಡಿಗ್ರಿ ಓವನ್‌ಗೆ ಇಟ್ಟಿದ್ದ. ಇಂಥ ಮಣ್ಣಿನ ಹರಳು ಆ ಶಾಖಕ್ಕೆ ಇನ್ನಷ್ಟು ಬಿಗಿಯಬಹುದು. ಸಾಲದ್ದಕ್ಕೆ, ರಾತ್ರಿಯಿಡೀ ಕ್ಯಾಲ್ಗಾನ್ (ಅಂಟಿಕೊಂಡ ಕಣಗಳನ್ನು ಬಿಡಿಸುವ ರಾಸಾಯನಿಕ) ದ್ರಾವಣದಲ್ಲಿ ನೆನೆಯಬೇಕಾದದ್ದು ಅರ್ಧ ಗಂಟೆ ನೆನೆದಿತ್ತು. ಹೊಸ ಮಣ್ಣು ತರಿಸಿ, ಗಾಳಿಗೆ ಒಣಗಿಸಿ, ಸರಿಯಾಗಿ ನೆನೆಸಿ, ಮಿಕ್ಸರಿಗೆ ಹಾಕಿದೆವು (ಜ್ಯೂಸ್ ಅಂಗಡಿಯ ಮಿಲ್ಕ್‌ಶೇಕ್ ಮಿಕ್ಸರಿನ ಅಣ್ಣ ಅದು). ಈ ಸಲ ಜೇಡಿ ಗೋಡು ಎಂದು ಬಂತು. ರಾಸಾಯನಿಕ ಹಾಕಿ ಕಬ್ಬಿಣವನ್ನೂ ತೆಗೆದಿದ್ದರೆ ಜೇಡಿ ಇನ್ನೂ ಏರುತ್ತಿತ್ತೇನೋ. ನಾನು ಬೇಡ ಅಂದೆ. ಕಬ್ಬಿಣ ತೆಗೆದ ಮಣ್ಣು ಯಾರ ತೋಟದಲ್ಲೂ ಇರುವುದಿಲ್ಲ.

ವಿಜಯಪುರದ ಎರೆ ಮಣ್ಣಿನ ಕಾಟವೇ ಬೇರೆ. ಅಲ್ಲಿ ಸುಣ್ಣದ ಹರಳಿರುತ್ತದೆ. ಕಬ್ಬಿಣದ ಕುಟ್ಟಾಣಿಯಲ್ಲಿ ಕುಟ್ಟಿದರೆ ಅದೂ ಪುಡಿಯಾಗಿ ಮಣ್ಣಿನೊಳಗೆ ಸೇರಿಬಿಡುತ್ತದೆ. ಹೆಂಟೆ ಒಡೆಯಲು ಮರದ ಕೊಡತಿ ಸಾಕು. ಗಾಳಿಗೆ ಒಣಗಿದ ಎರೆಯಲ್ಲೂ ತೇವ ಉಳಿದಿರುತ್ತದೆ. 50 ಗ್ರಾಂ ತೂಗಿದ್ದರಲ್ಲಿ 4 ಗ್ರಾಂ ನೀರಿದ್ದರೆ ನಿಜವಾದ ಮಣ್ಣು 46. ಶೇಕಡಾವಾರು ಲೆಕ್ಕ ಅದರ ಮೇಲೇ ಆಗಬೇಕು. ಕ್ಯಾಲ್ಗಾನ್ ಕೂಡ ಹೈಡ್ರೋಮೀಟರನ್ನು ಎತ್ತುತ್ತದೆ. ಮಣ್ಣಿಲ್ಲದೆ ಬರೀ ಕ್ಯಾಲ್ಗಾನ್ ನೀರಿರುವ ಜಾಡಿಯ ರೀಡಿಂಗನ್ನು ಕಳೆಯದೆ ಬಿಟ್ಟರೆ ಅದಷ್ಟೂ ಜೇಡಿ ಎಂದೇ ಬರೆಯಲ್ಪಡುತ್ತದೆ.

ಹೊಸ ವರದಿಯನ್ನು ಬೆಳೆಗಾರರು ಎರಡೆರಡು ಸಲ ಓದಿದರು. ‘ಇದು ಸರಿ. ಆದ್ರೆ ನಾನು ಕೊಟ್ಟ ಚೀಲದಲ್ಲಿ ಜಂಬಿಟ್ಟಿಗೆ ಕಲ್ಲೂ ಇತ್ತಲ್ಲ, ಅದೆಲ್ಲಿ?’

2 ಮಿ.ಮೀ. ಜರಡಿಯ ಮೇಲೆ ಉಳಿದದ್ದನ್ನು ತೂಗಿ ಬರೆದಿಡಬೇಕು. ನಾವು ಕಸದ ಬುಟ್ಟಿಗೆ ಹಾಕಿದ್ದೆವು.