ಬಾಣಗಳ ನಡುವಿನ ದಿನಗಳು: ಮಕ್ಕಳಿಗೆ ಚಿಟ್ಟೆಯ ಪಾಠ

ಚಿಟ್ಟೆಯ ಜೀವನಚಕ್ರವೆಂದರೆ ಸಾಮಾನ್ಯವಾಗಿ ನಾಲ್ಕು ಚಿತ್ರಗಳು ಮತ್ತು ಅವುಗಳ ನಡುವೆ ನಾಲ್ಕು ಬಾಣಗಳು. ಮೊಟ್ಟೆ, ಮರಿಹುಳು, ಕೋಶ, ಚಿಟ್ಟೆ ಎಂದು ಮಗು ಸಲೀಸಾಗಿ ಒಪ್ಪಿಸಿಬಿಡುತ್ತದೆ. ಚಿತ್ರದಲ್ಲಿ ತಪ್ಪೇನಿಲ್ಲ, ಆದರೆ ಅದರಲ್ಲಿ ಕಾಲವೇ ಇಲ್ಲ. ಬಾಣವನ್ನು ದಾಟಲು ಕಣ್ಣಿಗೆ ಕ್ಷಣ ಸಾಕು, ಹುಳುವಿಗೆ ವಾರಗಳೇ ಬೇಕು. ಆದ್ದರಿಂದ ಈ ಪಾಠವನ್ನು ಚಿತ್ರಪಟಕ್ಕಿಂತ ಮೊದಲು ಗಿಡದ ಬಳಿ ಆರಂಭಿಸುವುದು ಮೇಲು.

ನಿಂಬೆ ಚಿಟ್ಟೆಯನ್ನೇ ತೆಗೆದುಕೊಳ್ಳೋಣ. ನಿಂಬೆ ಜಾತಿಯ ಗಿಡಗಳ ಎಳೆ ಎಲೆಗಳ ಮೇಲೆ ಅದು ತಿಳಿಹಳದಿ ಬಣ್ಣದ, ಸಾಸಿವೆ ಕಾಳಿನಷ್ಟು ಚಿಕ್ಕ ಮೊಟ್ಟೆಗಳನ್ನು ಒಂದೊಂದಾಗಿ ಇಡುತ್ತದೆ. ಇಡುವ ಮುನ್ನ ಎಲೆಯನ್ನು ಕಾಲಿನಿಂದ ತಟ್ಟಿ ರುಚಿ ನೋಡುತ್ತದೆ, ಏಕೆಂದರೆ ಹುಟ್ಟುವ ಮರಿಗೆ ಕಂಡ ಕಂಡ ಗಿಡದ ಎಲೆ ಆಗಿಬರುವುದಿಲ್ಲ. ಕಾಲಿನಿಂದ ರುಚಿ ನೋಡುವ ಜೀವಿಯೊಂದಿದೆ ಎಂದು ಕೇಳಿದ ಮಗು ಮೊದಲು ತನ್ನ ಪಾದವನ್ನೇ ನೋಡಿಕೊಳ್ಳುವುದು ಸಹಜ.

ಕೆಲವೇ ದಿನಗಳಲ್ಲಿ ಮರಿ ಹೊರಬರುತ್ತದೆ. ಕನ್ನಡದಲ್ಲಿ ಇಂಥ ಹುಳುಗಳನ್ನೆಲ್ಲ ಕಂಬಳಿಹುಳು ಎಂದು ಕರೆಯುವ ರೂಢಿಯಿದ್ದು, ಆ ಹೆಸರಿನೊಡನೆ ತುರಿಕೆಯ ಭಯವೂ ಬರುತ್ತದೆ. ಆದರೆ ಬೆಳೆದ ನಿಂಬೆ ಚಿಟ್ಟೆಯ ಮರಿಯ ಮೈ ನುಣುಪಾಗಿರುತ್ತದೆ. ಮೊದಲ ನಾಲ್ಕು ಹಂತಗಳಲ್ಲಿ ಅದು ಹಕ್ಕಿಯ ಹಿಕ್ಕೆಯಂತೆ ಕಾಣುತ್ತದೆ, ಐದನೆಯದರಲ್ಲಿ ಎಲೆಯ ಹಸಿರನ್ನು ತಳೆಯುತ್ತದೆ. ಎರಡೂ ಹಕ್ಕಿಗಳ ಕಣ್ಣು ತಪ್ಪಿಸುವ ಉಪಾಯಗಳೇ. ಕೀಟಕ್ಕೆ ಆರು ಕಾಲು ಎಂದು ಕಲಿತ ಮಗು ಇದರ ಕಾಲುಗಳನ್ನು ಎಣಿಸಿ ಹದಿನಾರು ಎಂದರೆ ಅದನ್ನು ತಿದ್ದುವ ಆತುರ ಬೇಡ. ಎದೆಯ ಭಾಗದ ಆರು ಮಾತ್ರ ನಿಜವಾದ ಕಾಲುಗಳು, ಉಳಿದ ಹತ್ತು ಎಲೆಯನ್ನು ಹಿಡಿಯಲು ನೆರವಾಗುವ ಮೆತ್ತನೆಯ ಹುಸಿಗಾಲುಗಳು. ಹುಳುವಿನ ಹೊರಚರ್ಮ ಒಂದು ಮಿತಿಗಿಂತ ಹೆಚ್ಚು ಹಿಗ್ಗದ ಕಾರಣ, ಬೆಳೆದಂತೆಲ್ಲ ಅದು ಹಾವಿನ ಹಾಗೆ ಪೊರೆ ಕಳಚುತ್ತದೆ.

ಇಷ್ಟನ್ನು ಗಮನಿಸಲು ಪ್ರಯೋಗಶಾಲೆ ಬೇಕಿಲ್ಲ. 1647ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಮರಿಯಾ ಸಿಬಿಲ್ಲಾ ಮೇರಿಯನ್ ರೇಷ್ಮೆಹುಳು ಸಾಕಲು ತೊಡಗಿದಾಗ ಆಕೆಗೆ ಹದಿಮೂರು ವರ್ಷ. ಹುಳು, ಕೋಶ, ಚಿಟ್ಟೆಗಳನ್ನು ಅವು ಬದುಕುವ ಗಿಡದೊಂದಿಗೇ ಚಿತ್ರಿಸಿದ್ದು ಆಕೆಯ ಹಿರಿಮೆ. ನಮ್ಮ ಬಾಣದ ಚಿತ್ರಗಳು ಬಿಟ್ಟುಬಿಟ್ಟದ್ದು ಆ ಗಿಡವನ್ನೇ.

ಕೋಶದ ವಿಷಯದಲ್ಲಿ ದೊಡ್ಡವರೂ ಎಡವುತ್ತಾರೆ. ರೇಷ್ಮೆಗೂಡು ಪತಂಗದ ಮರಿ ತನ್ನ ಸುತ್ತ ನೂಲಿನಿಂದ ಕಟ್ಟಿಕೊಳ್ಳುವ ಹೊದಿಕೆ. ಚಿಟ್ಟೆಯ ಕೋಶವಾದರೋ ಕೊನೆಯ ಪೊರೆ ಕಳಚಿದಾಗ ಕಾಣುವ ಅದರ ದೇಹವೇ. ಒಳಗೆ ಹುಳು ಮಲಗಿದೆ ಎನ್ನುವುದೂ ಸರಿಯಲ್ಲ, ಪೂರ್ತಿ ಕರಗಿ ನೀರಾಗಿದೆ ಎನ್ನುವುದೂ ಸರಿಯಲ್ಲ. ಹಳೆಯ ಸ್ನಾಯುಗಳು ಬಹುಮಟ್ಟಿಗೆ ಕರಗುತ್ತವೆ, ಆದರೆ ಉಸಿರುನಾಳಗಳು ಹಾಗೂ ನರಮಂಡಲದ ಬಹುಭಾಗ ಮಾರ್ಪಟ್ಟು ಮುಂದುವರಿಯುತ್ತವೆ. ರೆಕ್ಕೆಯ ಮೊಳಕೆಗಳಂತೂ ಹುಳುವಿನ ಮೈಯೊಳಗೆ ಮೊದಲೇ ಇರುತ್ತವೆ. ಡಚ್ ವಿಜ್ಞಾನಿ ಯಾನ್ ಸ್ವಾಮರ್‌ಡಾಮ್ ಹುಳುವನ್ನು ಸೀಳಿ ಇದನ್ನು ಹದಿನೇಳನೆಯ ಶತಮಾನದಲ್ಲೇ ತೋರಿಸಿದ್ದ. ಇನ್ನೂ ಸೋಜಿಗದ ಸಂಗತಿಯೆಂದರೆ, ಬೆಳೆದ ಮರಿಹುಳುವಾಗಿದ್ದಾಗ ಒಂದು ವಾಸನೆಯನ್ನು ದೂರವಿಡಲು ಕಲಿತ ಪತಂಗಗಳು ರೆಕ್ಕೆ ಬಂದ ಮೇಲೂ ಅದನ್ನು ಮರೆತಿರಲಿಲ್ಲವೆಂದು 2008ರಲ್ಲಿ ಪ್ರಕಟವಾದ ಪ್ರಯೋಗವೊಂದು ತಿಳಿಸಿತು.

ಚಿಟ್ಟೆ ಹೊರಬರುವ ಗಳಿಗೆಯಲ್ಲಿ ಅದರ ರೆಕ್ಕೆ ಒದ್ದೆಯಾಗಿ ಮುದುಡಿರುತ್ತದೆ. ದೇಹದ ದ್ರವವನ್ನು ರೆಕ್ಕೆಯ ನಾಳಗಳಿಗೆ ನೂಕಿ ಅದು ರೆಕ್ಕೆಯನ್ನು ಬಿಡಿಸಿಕೊಳ್ಳುತ್ತದೆ, ಸೀಳಾಗಿರುವ ಹೀರುಕೊಳವೆಯ ಎರಡು ಎಳೆಗಳನ್ನು ಒಂದಾಗಿ ಜೋಡಿಸಿಕೊಳ್ಳುತ್ತದೆ. ಆಗ ಯಾರೂ ಮುಟ್ಟಬಾರದು. ಕೆಲವು ಜಾತಿಗಳಲ್ಲಿ ಕೆಳಗೆ ಬೀಳುವ ಕೆಂಪು ಹನಿ ರಕ್ತವಲ್ಲ, ಕೋಶಾವಸ್ಥೆಯಲ್ಲಿ ಉಳಿದ ಕಸವೆಂದು ಮುಂಚೆಯೇ ತಿಳಿಸಿದರೆ ಮಗು ಬೆಚ್ಚುವುದು ತಪ್ಪುತ್ತದೆ.

ಎಲ್ಲ ಕೋಶಗಳಿಂದಲೂ ಚಿಟ್ಟೆ ಬರುವುದಿಲ್ಲ. ಕೆಲವು ಸಣ್ಣ ಕಣಜಗಳು ಹುಳು ಅಥವಾ ಕೋಶದೊಳಗೆ ಮೊಟ್ಟೆಯಿಡುತ್ತವೆ, ಅವುಗಳ ಮರಿಗಳು ಒಳಗಿನಿಂದಲೇ ಅದನ್ನು ತಿಂದು ಬೆಳೆಯುತ್ತವೆ, ಕೊನೆಗೆ ಕೋಶದಲ್ಲಿ ಗುಂಡಗಿನ ತೂತು ಮಾತ್ರ ಉಳಿಯುತ್ತದೆ. ಆ ಕೋಶವನ್ನು ಮಕ್ಕಳ ಕಣ್ಣಿಗೆ ಬೀಳದಂತೆ ಎಸೆಯುವುದು ತಪ್ಪೆಂದು ನನ್ನ ಎಣಿಕೆ. ಚಿಟ್ಟೆ ಒಂದೆರಡು ಮೊಟ್ಟೆಗೆ ನಿಲ್ಲಿಸದೆ ಗಿಡದಿಂದ ಗಿಡಕ್ಕೆ ಹಾರಿ ಹತ್ತಾರು ಮೊಟ್ಟೆ ಇಡುವುದೇಕೆ ಎಂದು ಮಗು ಕೇಳಿದ ದಿನ, ಕೈಯಲ್ಲಿಟ್ಟು ತೋರಿಸಲು ಆ ತೂತು ಬೇಕಾಗುತ್ತದೆ.