ಹಾಲಿನ ಡಿಎನ್‌ಎ ಎಂದರೇನು?

ಹಾಲಿನ ಡಿಎನ್‌ಎ ಹಾಲಿನಲ್ಲಿ ಸಕ್ಕರೆಯಂತೆ ಕರಗಿರುವ ವಸ್ತುವಲ್ಲ. ಕೆಚ್ಚಲಿನಿಂದ ಹಾಲಿನ ಜೊತೆ ಇಳಿದು ಬರುವ ಹಸುವಿನ ಜೀವಕೋಶಗಳೊಳಗೆ ಅದು ಇರುತ್ತದೆ. ಈ ಕೋಶಗಳಲ್ಲಿ ಬಹುಪಾಲು ಬಿಳಿ ರಕ್ತಕಣಗಳು. ಉಳಿದವು ಹಾಲಿನ ಗ್ರಂಥಿಯ ಒಳಪದರದಿಂದ ಕಳಚಿಕೊಂಡವು. ಕೆಚ್ಚಲು ಬಾವು ಪತ್ತೆಗೆ ಎಣಿಸುವ ಸೊಮ್ಯಾಟಿಕ್ ಸೆಲ್‌ಗಳೂ ಇವೇ.

ಆರೋಗ್ಯವಾದ ಕೆಚ್ಚಲಿನ ಹಾಲಿನಲ್ಲಿ ಮಿಲಿಲೀಟರಿಗೆ ಸಾಮಾನ್ಯವಾಗಿ 1 ಲಕ್ಷಕ್ಕಿಂತ ಕಡಿಮೆ ಕೋಶಗಳಿರುತ್ತವೆ. ಒಂದು ಕೋಶದಲ್ಲಿ ಸುಮಾರು 6 ಪಿಕೊಗ್ರಾಂ (ಒಂದು ಪಿಕೊಗ್ರಾಂ ಎಂದರೆ ಗ್ರಾಂನ ಲಕ್ಷ ಕೋಟಿಯಲ್ಲೊಂದು ಪಾಲು) ಡಿಎನ್‌ಎ. ಮಿಲಿಲೀಟರಿಗೆ 50,000 ಕೋಶಗಳೆಂದು ಹಿಡಿದರೂ 10 ಮಿಲಿ ಹಾಲಿನಲ್ಲಿರುವುದು 3 ಮೈಕ್ರೊಗ್ರಾಂ. ಕೈಗೆ ಸಿಗುವುದು ಅದರಲ್ಲೊಂದು ಪಾಲು ಮಾತ್ರ, ಆದರೂ ಪಿಸಿಆರ್‌ಗೆ (ಡಿಎನ್‌ಎಯ ಬೇಕಾದ ತುಣುಕನ್ನು ಕೋಟಿಗಟ್ಟಲೆ ಪ್ರತಿ ಮಾಡುವ ವಿಧಾನ) ಧಾರಾಳ. ಹಸುವಿಗೆ ಸೂಜಿ ಚುಚ್ಚದೆ ಇಷ್ಟು ಸಿಗುವುದೇ ಹಾಲಿನಿಂದ ಡಿಎನ್‌ಎ ತೆಗೆಯುವ ವಿಧಾನದ ದೊಡ್ಡ ಅನುಕೂಲ.

ಹಾಲನ್ನು ತಣ್ಣಗಿನ ಸೆಂಟ್ರಿಫ್ಯೂಜ್‌ನಲ್ಲಿ (ಕೊಳವೆಗಳನ್ನು ಗಿರ್ರನೆ ತಿರುಗಿಸುವ ಯಂತ್ರ) 2,000–3,000 ಜಿ ಬಲದಲ್ಲಿ, ಅಂದರೆ ಗುರುತ್ವದ ಅಷ್ಟು ಪಟ್ಟು ಬಲದಲ್ಲಿ, 10–15 ನಿಮಿಷ ತಿರುಗಿಸಿದರೆ ಕೆನೆ ಮೇಲೆ ಗಟ್ಟಿಯಾಗಿ ಕೂರುತ್ತದೆ, ಕೋಶಗಳು ತಳದಲ್ಲಿ ಗಸಿಯಾಗುತ್ತವೆ. ಕೆನೆಯನ್ನು ಹತ್ತಿಯ ಕಡ್ಡಿಯಿಂದ ಕೊಳವೆಯ ಗೋಡೆಗೆ ಅಂಟಿರುವುದೂ ಸೇರಿ ಪೂರ್ತಿ ಒರೆಸಿ ತೆಗೆಯಬೇಕು. ನಡುವಿನ ಹಾಲನ್ನು ಚೆಲ್ಲಿ, ಗಸಿಯನ್ನು ಇಡಿಟಿಎ ಎಂಬ ರಾಸಾಯನಿಕ ಬೆರೆಸಿದ ಬಫರ್‌ನಲ್ಲಿ (ಆಮ್ಲೀಯತೆ ಸುಲಭವಾಗಿ ಬದಲಾಗದ ದ್ರಾವಣ) ಎರಡು ಸಲ ತೊಳೆಯಬೇಕು. ಇಡಿಟಿಎ ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುವುದರಿಂದ ಹಾಲಿನ ಪ್ರೋಟೀನಾದ ಕೇಸಿನ್‌ನ ಉಂಡೆಗಳು ಬಿಚ್ಚಿಕೊಂಡು ಹೋಗುತ್ತವೆ. ಮುಂದಿನದು ರಕ್ತಕ್ಕೆ ಮಾಡುವಂಥದ್ದೇ: ಎಸ್‌ಡಿಎಸ್ (ಕೋಶ ಒಡೆಯುವ ಮಾರ್ಜಕ) ಮತ್ತು ಪ್ರೋಟೀನೇಸ್ ಕೆ (ಪ್ರೋಟೀನ್ ಕತ್ತರಿಸುವ ಕಿಣ್ವ) ಹಾಕಿ 56 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿಸಿ, ಡಿಎನ್‌ಎಯನ್ನು ಹಿಡಿದುಕೊಳ್ಳುವ ಸಿಲಿಕಾ ಕಾಲಂನಲ್ಲಿ ಶುದ್ಧಗೊಳಿಸುವುದು.

ಪಿಸಿಆರ್ ಕೈಕೊಟ್ಟರೆ ಮೊದಲು ಅನುಮಾನಿಸಬೇಕಾದದ್ದು ಈ ತೊಳೆಯುವ ಹಂತವನ್ನೇ. ಉಳಿದ ಕ್ಯಾಲ್ಸಿಯಂ, ಪಿಸಿಆರ್‌ನಲ್ಲಿ ಡಿಎನ್‌ಎ ಪ್ರತಿ ಮಾಡುವ ಕಿಣ್ವವಾದ ಪಾಲಿಮರೇಸ್‌ಗೆ ಬೇಕಾದ ಮೆಗ್ನೀಸಿಯಂನ ಜಾಗಕ್ಕೆ ನುಗ್ಗುತ್ತದೆ; ಹಾಲಿನಲ್ಲೇ ಇರುವ ಪ್ಲಾಸ್ಮಿನ್ ಎಂಬ ಪ್ರೋಟೀನ್ ಕತ್ತರಿಸುವ ಕಿಣ್ವ ಆ ಪಾಲಿಮರೇಸನ್ನೇ ಕತ್ತರಿಸಬಲ್ಲದು. ಡಿಎನ್‌ಎ ಅಳತೆ ಚೆನ್ನಾಗಿದ್ದೂ ಫಲಿತಾಂಶ ಬರದಿದ್ದರೆ 10 ಪಟ್ಟು ತೆಳುವಾಗಿಸಿ ಮತ್ತೊಮ್ಮೆ ನೋಡಿ. ಹಾಲನ್ನು ಹಾಗೆಯೇ ಫ್ರೀಜರಿಗಿಡುವುದೂ ತಪ್ಪು. ಕೋಶಗಳು ಒಡೆದು ಡಿಎನ್‌ಎ ಹಾಲಿಗೆ ಸೇರಿಬಿಟ್ಟರೆ, ಚೆಲ್ಲುವ ಭಾಗದ ಜೊತೆ ಅದೂ ಹೋಗುತ್ತದೆ. ಗಸಿ ಬೇರ್ಪಡಿಸಿದ ಮೇಲೆ ಫ್ರೀಜ್ ಮಾಡಿ.

ಇನ್ನೊಂದು ತಪ್ಪು ಹೊರಗೆ ಕಾಣುವುದೇ ಇಲ್ಲ: ಬೇರೆ ಹಸುವಿನ ಹಾಲಿನ ಬೆರಕೆ. ಹಸು ಎ2 ಬಗೆಯ ಹಾಲು ಕೊಡುತ್ತದೆಯೇ ಎಂದು ತಿಳಿಯುವ ಎ2 ಪರೀಕ್ಷೆಯಲ್ಲಿ ನೋಡುವುದು ಬೀಟಾ ಕೇಸಿನ್ ಪ್ರೋಟೀನಿನ 67ನೇ ಅಮೈನೋ ಆಮ್ಲವನ್ನು ನಿರ್ಧರಿಸುವ ಜೀನ್ ಭಾಗವನ್ನು; ಆ ಸ್ಥಾನದಲ್ಲಿ ಪ್ರೋಲೀನ್ ಇದ್ದರೆ ಎ2, ಹಿಸ್ಟಿಡಿನ್ ಇದ್ದರೆ ಎ1. ಪ್ರತಿ ಹಸುವಿನಲ್ಲೂ ಈ ಜೀನ್‌ನ ಎರಡು ಪ್ರತಿಗಳಿರುವುದರಿಂದ ಫಲಿತಾಂಶ ಎ2ಎ2, ಎ1ಎ1 ಅಥವಾ ಎ1ಎ2 ಎಂದು ಬರುತ್ತದೆ. ಎ2ಎ2 ಹಸುವಿನ ಹಾಲಿಗೆ ಎ1ಎ1 ಹಸುವಿನ ಹಾಲು ಸೇರಿದರೆ ವರದಿ ಎ1ಎ2 ಎಂದು ಬರಬಹುದು, ಅಂಥ ಹಸು ಕೊಟ್ಟಿಗೆಯಲ್ಲಿ ಇಲ್ಲದಿದ್ದರೂ! ಕರೆಯುವ ಯಂತ್ರದ ಕೊಳವೆಯಲ್ಲಿ ಹಿಂದಿನ ಹಸುವಿನ ಹಾಲು ಉಳಿದಿರುವುದರಿಂದ ಮಾದರಿಯನ್ನು ಕೈಯಿಂದಲೇ ಕರೆಯಬೇಕು. ಮೊಲೆತೊಟ್ಟು ಒರೆಸಿ, ಮೊದಲ ಮೂರ್ನಾಲ್ಕು ಧಾರೆ ಬಿಟ್ಟು, ನೇರ ಸ್ವಚ್ಛ ಕೊಳವೆಗೆ.

ಅವಳಿಯಾಗಿ ಹುಟ್ಟಿದ ಹಸುವಾದರೆ ಹಾಲನ್ನು ನೆಚ್ಚಬೇಡಿ. ಗರ್ಭದಲ್ಲೇ ಅವಳಿಗಳ ರಕ್ತ ಬೆರೆಯುವುದರಿಂದ ಅದರ ಬಿಳಿ ರಕ್ತಕಣಗಳಲ್ಲಿ ಜೊತೆಗಾರನ ಡಿಎನ್‌ಎಯೂ ಇರಬಹುದು. ಅಂಥ ಹಸುವಿಗೆ ಬಾಲದ ಕೂದಲನ್ನು ಬೇರುಸಮೇತ ಕಿತ್ತು ಕಳಿಸುವುದೇ ಸರಿ.