ಉತ್ತರಕ್ಕೆ ಕಾಯುವ ಪೆಟ್ಟಿಗೆ

ಬೆಂಗಳೂರಿಗಿಂತ ಆರು ವರ್ಷ ಮೊದಲೇ ರಾಯಚೂರು ಸೀಮೆಯ ಹಳ್ಳಿಗಳಿಗೆ ಟಿ.ವಿ. ಬಂದಿತ್ತು ಎಂದರೆ ಈಗಿನವರಿಗೆ ನಂಬುವುದು ಕಷ್ಟ. ರಾಜಧಾನಿಗೆ ದೂರದರ್ಶನ ಕಾಲಿಟ್ಟದ್ದು 1981ರ ನವೆಂಬರ್‌ನಲ್ಲಿ. ರಾಯಚೂರು, ಬಿಜಾಪುರ, ಗುಲ್ಬರ್ಗ ಜಿಲ್ಲೆಗಳ ಆಯ್ದ ಹಳ್ಳಿಗಳಲ್ಲಿ ಮಾತ್ರ 1975ರ ಆಗಸ್ಟ್ 1ರಿಂದಲೇ ಕನ್ನಡ ಕಾರ್ಯಕ್ರಮಗಳು ಮೂಡಿಬರುತ್ತಿದ್ದವು. ಅದೂ ಮೊದಲು ಶಾಲೆಯ ಮಕ್ಕಳಿಗಾಗಿ, ಬೆಳಗಿನ ಹೊತ್ತು. ಊರಿನ ದೊಡ್ಡವರ ಸರದಿ ಸಂಜೆಗೆ.

ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿ.ವಿ. ಪಾಠ ತಲುಪಿಸುವ ಆ ಪ್ರಯೋಗದ ಹೆಸರು ‘ಸೈಟ್’. ವಿಕ್ರಂ ಸಾರಾಭಾಯಿ ಅವರ ಕಾಲದಲ್ಲಿ, 1969ರಲ್ಲೇ, ಅಮೆರಿಕದ ನಾಸಾ ಜೊತೆ ಇದಕ್ಕೆ ಒಪ್ಪಂದವಾಗಿತ್ತು. ಕರ್ನಾಟಕವೂ ಸೇರಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಆರಿಸಿದ್ದರು. ಇದರ ತಾಂತ್ರಿಕ ಜಾಣ್ಮೆ ಈಗಲೂ ಮೆಚ್ಚುವಂಥದ್ದು. ಸಾಮಾನ್ಯವಾಗಿ ಆಗಿನ ಉಪಗ್ರಹಗಳ ಸಂಕೇತ ಎಷ್ಟು ಕ್ಷೀಣವಾಗಿರುತ್ತಿತ್ತೆಂದರೆ, ಅದನ್ನು ಹಿಡಿಯಲು ನೆಲದ ಮೇಲೆ ಭಾರೀ ಆಂಟೆನಾ ಬೇಕಾಗುತ್ತಿತ್ತು. ಈ ಪ್ರಯೋಗಕ್ಕೆ ಬಳಸಿದ ನಾಸಾದ ಎಟಿಎಸ್-6 ಉಪಗ್ರಹದಲ್ಲಿ ಲೆಕ್ಕವನ್ನೇ ತಿರುಗಿಸಿದರು. ಸುಮಾರು 36,000 ಕಿ.ಮೀ. ಎತ್ತರದಲ್ಲಿ ಕೊಡೆಯಂತೆ ಬಿಚ್ಚಿಕೊಳ್ಳುವ 9 ಮೀಟರ್ ಅಗಲದ ಆಂಟೆನಾ ಇಟ್ಟರು. ಮೇಲಿನದು ದೊಡ್ಡದಾದಷ್ಟೂ ಕೆಳಗಿನದು ಚಿಕ್ಕದಾದರೆ ಸಾಕು. ಹಾಗಾಗಿ ಹಳ್ಳಿಯಲ್ಲಿ ಕೋಳಿಗೂಡಿಗೆ ಕಟ್ಟುವಂಥ ಜಾಲರಿಯಿಂದ ಮಾಡಿದ 3 ಮೀಟರ್ ಡಿಶ್ ಸಾಕಾಯಿತು.

ಯಂತ್ರ ಗೆದ್ದಿತು. ಪಾಠ? ನಂತರ ನಡೆದ ಮೌಲ್ಯಮಾಪನಗಳಲ್ಲಿ ಮಕ್ಕಳ ಭಾಷೆ ಸುಧಾರಿಸಿದ್ದು, ಹೊಸ ವಿಷಯಗಳ ಕುತೂಹಲ ಹೆಚ್ಚಿದ್ದು ಕಂಡಿತು. ಶಾಲೆಯ ಅಂಕಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಕಾಣಲಿಲ್ಲ. ಕಾರಣವಾಗಿ ಹತ್ತಾರು ಸಂಗತಿ ಹೇಳಬಹುದು. ನನಗೆ ಮುಖ್ಯವೆನಿಸುವುದು ಒಂದೇ. ಆ ಪೆಟ್ಟಿಗೆ ಮಾತಾಡುತ್ತಿತ್ತು, ಕೇಳಿಸಿಕೊಳ್ಳುತ್ತಿರಲಿಲ್ಲ. ಮಾನ್ವಿಯ ಹುಡುಗಿಗೆ ಅರ್ಥವಾಯಿತೋ ಇಲ್ಲವೋ, ಚಿತ್ರ ಮುಂದಕ್ಕೆ ಹೋಗುತ್ತಲೇ ಇತ್ತು. ಅರ್ಧ ಶತಮಾನ ಕಳೆದು ಈಗ ತರಗತಿಯ ಗೋಡೆಗೆ ಸ್ಮಾರ್ಟ್ ಬೋರ್ಡ್ ಬಂದಿದೆ. ಹೆಚ್ಚಿನ ಕಡೆ ಅದರ ಮೇಲೆ ನಡೆಯುವುದು ಅದೇ 1975ರ ಪಾಠ, ಬಣ್ಣದಲ್ಲಿ.

ಮಗುವಿನ ಉತ್ತರಕ್ಕಾಗಿ ಕಾಯುವುದಕ್ಕೆ ಅಷ್ಟೊಂದು ಬೆಲೆ ಇದೆಯೇ? ಇದೆ ಎಂದು ಮೊದಲು ಅಳೆದು ತೋರಿಸಿದವರು ಅಮೆರಿಕದ ಮೇರಿ ಬಡ್ ರೋ. ವಿಜ್ಞಾನದ ತರಗತಿಗಳ ಮಾತುಕತೆಯನ್ನು ಟೇಪ್‌ನಲ್ಲಿ ಮುದ್ರಿಸಿಕೊಂಡು ಅವರು ನೋಡಿದ್ದು ಪ್ರಶ್ನೆಗೂ ಉತ್ತರಕ್ಕೂ ನಡುವಿನ ಮೌನವನ್ನು. ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ 1 ಸೆಕೆಂಡ್ ಮಾತ್ರ ಕಾಯುತ್ತಿದ್ದರು. ಅಷ್ಟರೊಳಗೆ ಉತ್ತರ ಬರದಿದ್ದರೆ ಇನ್ನೊಬ್ಬ ಹುಡುಗನತ್ತ ಬೆರಳು, ಇಲ್ಲವೇ ತಾವೇ ಉತ್ತರ. ಈ ಮೌನವನ್ನು 3 ಸೆಕೆಂಡಿಗೆ ಎಳೆದರೆ ಏನಾಗುತ್ತದೆ? ಮಕ್ಕಳ ಉತ್ತರಗಳು ಉದ್ದವಾದವು, ‘ಗೊತ್ತಿಲ್ಲ’ ಎನ್ನುವುದು ಕಡಿಮೆಯಾಯಿತು, ಹಿಂದಿನ ಬೆಂಚಿನವರೂ ಬಾಯಿಬಿಟ್ಟರು. 1974ರಲ್ಲಿ ಪ್ರಕಟವಾದ ಕೆಲಸ ಇದು. ನಯಾಪೈಸೆ ಖರ್ಚಿಲ್ಲದ ಇಂಥ ಸುಧಾರಣೆ ಶಿಕ್ಷಣ ಕ್ಷೇತ್ರದಲ್ಲಿ ಇನ್ನೊಂದು ಸಿಗುವುದು ಅಪರೂಪ.

ಮಗು ಉತ್ತರ ಹುಡುಕಲು ತಡಕಾಡುವಾಗ ನೆನಪಿನಲ್ಲಿ ಏನೋ ಗಟ್ಟಿಯಾಗುತ್ತದೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಮನೋವಿಜ್ಞಾನಿಗಳು ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಗದ್ಯಭಾಗ ಕೊಟ್ಟರು. ಒಂದು ಗುಂಪು ಅದನ್ನು ನಾಲ್ಕು ಬಾರಿ ಓದಿತು. ಇನ್ನೊಂದು ಗುಂಪು ಒಮ್ಮೆ ಓದಿ, ಪುಸ್ತಕ ಮುಚ್ಚಿ, ಮೂರು ಬಾರಿ ನೆನಪಿದ್ದಷ್ಟನ್ನು ಬರೆಯಿತು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಓದಿದವರಿಗೆ ಉಳಿದದ್ದು ಶೇ 40ರಷ್ಟು, ನೆನಪಿಸಿಕೊಂಡು ಬರೆದವರಿಗೆ ಶೇ 61ರಷ್ಟು. ತಮಾಷೆಯೆಂದರೆ, ‘ನಿಮಗೆ ಎಷ್ಟು ನೆನಪಿರಬಹುದು’ ಎಂದು ಮೊದಲೇ ಕೇಳಿದಾಗ ಹೆಚ್ಚು ಧೈರ್ಯದಿಂದ ಹೇಳಿದ್ದು ನಾಲ್ಕು ಬಾರಿ ಓದಿದವರು. ಸಲೀಸಾಗಿ ಒಳಗೆ ಹೋದದ್ದೆಲ್ಲ ಒಳಗೇ ಉಳಿಯುತ್ತದೆಂದು ನಮಗೆಲ್ಲ ಒಂದು ಭ್ರಮೆ. ಅಂದವಾದ ಅನಿಮೇಷನ್ ನೋಡಿ ‘ಎಲ್ಲ ಅರ್ಥವಾಯಿತು ಸಾರ್’ ಎನ್ನುವ ತರಗತಿಯನ್ನು ನಾನು ಅನುಮಾನದಿಂದಲೇ ನೋಡುತ್ತೇನೆ.

ಟಿ.ವಿ.ಗಿಂತ ಬಡ ಸಾಧನವಾದ ರೇಡಿಯೊ ಈ ಪಾಠವನ್ನು ಬೇಗ ಕಲಿತಿತು. 1970ರ ದಶಕದ ನಡುವೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ನಿಕರಾಗುವಾದ ಹಳ್ಳಿ ಶಾಲೆಗಳಿಗೆ ರೇಡಿಯೊದಲ್ಲಿ ಗಣಿತ ಕಲಿಸಲು ಹೊರಟರು. ಪಾಠದ ನಡುನಡುವೆ ದನಿ ನಿಲ್ಲುತ್ತಿತ್ತು. ಪ್ರಶ್ನೆ, ಮೌನ, ಮಕ್ಕಳ ಕೂಗು, ಆಮೇಲೆ ರೇಡಿಯೊದಲ್ಲಿ ಸರಿಯುತ್ತರ. ಕೇಳುವ ಕಿವಿ ರೇಡಿಯೊಗಿಲ್ಲ ಎಂಬುದು ನಿಜ. ಆದರೆ ಮಗು ಉತ್ತರ ಹೇಳಿ, ಕೂಡಲೇ ಅದನ್ನು ತಾಳೆ ನೋಡಿಕೊಳ್ಳುವುದಕ್ಕೆ ಎಡೆ ಸಿಕ್ಕಿತು. ಈ ಮಾದರಿ ಮುಂದೆ ಹಲವು ದೇಶಗಳನ್ನು ಸುತ್ತಿ, ಈ ಶತಮಾನದ ಮೊದಲ ದಶಕದಲ್ಲಿ ಕರ್ನಾಟಕಕ್ಕೂ ಬಂತು. ಆಕಾಶವಾಣಿಯ ‘ಕೇಳಿ ಕಲಿ’, ‘ಚುಕ್ಕಿ ಚಿನ್ನ’ ಪಾಠಗಳನ್ನು ಶಾಲೆಯಲ್ಲಿ ಕೇಳಿದವರಿಗೆ ಈಗ ಅವರವರ ಮಕ್ಕಳನ್ನು ಶಾಲೆಗೆ ಕಳಿಸುವ ವಯಸ್ಸು ಬರುತ್ತಿದೆ.

ರೇಡಿಯೊಗೆ ಇನ್ನೊಂದು ಮಿತಿ ಇತ್ತು. ಅದು ಎಲ್ಲರಿಗೂ ಒಂದೇ ಪ್ರಶ್ನೆ ಕೇಳುತ್ತದೆ. ಆ ಗಂಟು ಬಿಚ್ಚಿದ್ದು ವಿದ್ಯುತ್ತೇ ಬೇಡದ ಒಂದು ತಂತ್ರಜ್ಞಾನ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಆಂಧ್ರದ ರಿಷಿ ವ್ಯಾಲಿ ಶಾಲೆಯ ಪ್ರೇರಣೆಯಿಂದ ಶುರುವಾದ ನಲಿ-ಕಲಿಯಲ್ಲಿ ಪಠ್ಯಪುಸ್ತಕವನ್ನು ಸಣ್ಣಸಣ್ಣ ಕಾರ್ಡುಗಳಾಗಿ ಒಡೆದು, ಕಲಿಕಾ ಏಣಿಯಲ್ಲಿ ಜೋಡಿಸಿದರು. ಮಗು ತಾನಿದ್ದ ಮೆಟ್ಟಿಲಿನಿಂದ ಹತ್ತುತ್ತದೆ. ವಾರಗಟ್ಟಲೆ ಶಾಲೆ ತಪ್ಪಿಸಿ ಬಂದರೂ ಬಿಟ್ಟಲ್ಲಿಂದ ಮುಂದುವರಿಸುತ್ತದೆ. ಒಂದೇ ಕೋಣೆಯಲ್ಲಿ ಒಂದು ಗುಂಪು ಟೀಚರ್ ಜೊತೆ, ಇನ್ನೊಂದು ಗೆಳೆಯರ ಜೊತೆ, ಮತ್ತೊಂದು ತನ್ನಷ್ಟಕ್ಕೆ. ಇವತ್ತು ಕಂಪ್ಯೂಟರ್ ಕಂಪನಿಗಳು ‘ವೈಯಕ್ತಿಕ ಕಲಿಕೆ’ ಎಂದು ಮಾರುವುದರ ಎಲುಬುಗೂಡು ಇದೇ. ನಲಿ-ಕಲಿ ರಾಜ್ಯದ ತುಂಬ ಹರಡಿದಾಗ ಅದರ ಗುಣಮಟ್ಟದ ಬಗ್ಗೆ ಜಗಳಗಳೂ ನಡೆದವು. ನಲವತ್ತು ಮಕ್ಕಳ ಏಣಿಯನ್ನು ಒಬ್ಬರೇ ನೆನಪಿಟ್ಟುಕೊಳ್ಳುವುದು ಸುಲಭವಲ್ಲ. ಕಂಪ್ಯೂಟರ್ ನಿಜಕ್ಕೂ ನೆರವಾಗಬಹುದಾದ ಜಾಗ ಇದು.

ಹೇಗೆ ಎಂಬುದಕ್ಕೆ ಒಂದು ಲೆಕ್ಕ ನೋಡಿ. 52ರಲ್ಲಿ 27 ಕಳೆ ಎಂದರೆ ಒಂದು ಮಗು 35 ಎಂದು ಬರೆಯುತ್ತದೆ. ಕೆಂಪು ಶಾಯಿಯ ಅಡ್ಡಗೆರೆಗೆ ಇದು ಬರೀ ತಪ್ಪು. ಸ್ವಲ್ಪ ನಿಂತು ನೋಡಿದರೆ, 2ರಲ್ಲಿ 7 ಹೋಗುವುದಿಲ್ಲ ಎಂದು ಮಗು 7ರಲ್ಲೇ 2 ಕಳೆದಿದೆ. 5ರಲ್ಲಿ 2 ಹೋದರೆ 3. ಎರಡೂ ಸೇರಿ 35. ಮಗು ಅಜಾಗ್ರತೆಯಿಂದ ತಪ್ಪಿಲ್ಲ. ‘ಯಾವಾಗಲೂ ದೊಡ್ಡದರಿಂದ ಚಿಕ್ಕದನ್ನು ಕಳೆ’ ಎಂಬ ತನ್ನದೇ ನಿಯಮವನ್ನು ಶ್ರದ್ಧೆಯಿಂದ ಪಾಲಿಸಿದೆ. 1978ರಲ್ಲಿ ಬ್ರೌನ್ ಮತ್ತು ಬರ್ಟನ್ ಎಂಬ ಸಂಶೋಧಕರು ಇಂಥ ವ್ಯವಕಲನದ ತಪ್ಪುಗಳನ್ನು ಕಂಪ್ಯೂಟರ್ ಪ್ರೋಗ್ರಾಂಗಳಲ್ಲಿ ನುಸುಳುವ ದೋಷಗಳಂತೆಯೇ ಪಟ್ಟಿ ಮಾಡಿ, ಮಗುವಿನ ಉತ್ತರಗಳಿಂದ ಅದರ ತಲೆಯೊಳಗಿನ ತಪ್ಪು ನಿಯಮವನ್ನು ಪತ್ತೆಹಚ್ಚಬಹುದೆಂದು ತೋರಿಸಿದರು. 35 ಬರೆದ ಮಗುವಿಗೆ ಇನ್ನೂ ಹತ್ತು ಕಳೆಯುವ ಲೆಕ್ಕ ಕೊಟ್ಟರೆ ತಪ್ಪು ನಿಯಮವೇ ಹತ್ತು ಸಲ ಗಟ್ಟಿಯಾಗುತ್ತದೆ. ಬೇಕಾದದ್ದು ದಶಕ ಬಿಡಿಸುವ ಪಾಠ, ಕಡ್ಡಿ ಕಟ್ಟುಗಳ ಜೊತೆ.

ದೆಹಲಿಯಲ್ಲಿ 2015-16ರಲ್ಲಿ ನಡೆದ ಒಂದು ಪ್ರಯೋಗ ಈ ಎಳೆಗಳನ್ನೆಲ್ಲ ಒಟ್ಟಿಗೆ ಹೆಣೆದು ನೋಡಿತು. ಅರ್ಥಶಾಸ್ತ್ರಜ್ಞ ಕಾರ್ತಿಕ್ ಮುರಳೀಧರನ್ ಮತ್ತು ಜೊತೆಗಾರರು ಸರ್ಕಾರಿ ಶಾಲೆಗಳ 619 ಮಕ್ಕಳನ್ನು ತೆಗೆದುಕೊಂಡು, ಲಾಟರಿ ಎತ್ತಿ, ಅರ್ಧದಷ್ಟು ಮಂದಿಗೆ ‘ಮೈಂಡ್‌ಸ್ಪಾರ್ಕ್’ ಎಂಬ ಕಲಿಕಾ ತಂತ್ರಾಂಶದ ಕೇಂದ್ರಗಳಲ್ಲಿ ಶಾಲೆಯ ಹೊತ್ತಿನಾಚೆ ಕಲಿಯಲು ಅವಕಾಶ ಕೊಟ್ಟರು. 45 ನಿಮಿಷ ಕಂಪ್ಯೂಟರ್ ಮುಂದೆ, 45 ನಿಮಿಷ ಸಣ್ಣ ಗುಂಪಿನಲ್ಲಿ ಸಹಾಯಕರ ಜೊತೆ. ತಂತ್ರಾಂಶ ಮೊದಲು ಮಗುವಿನ ನಿಜವಾದ ಮಟ್ಟ ಅಳೆಯುತ್ತಿತ್ತು. ಆರನೇ ತರಗತಿಯ ಮಗು ಗಣಿತದಲ್ಲಿ ಸರಾಸರಿ ಎರಡೂವರೆ ತರಗತಿ ಹಿಂದಿತ್ತು. ನಾಲ್ಕೂವರೆ ತಿಂಗಳಲ್ಲಿ ಆದ ಏರಿಕೆಯನ್ನು ಹೀಗೆ ಹೇಳಬಹುದು: ನೂರು ಮಕ್ಕಳ ಸಾಲಿನಲ್ಲಿ ಸರಿಯಾಗಿ ನಡುವೆ ನಿಂತಿದ್ದ ಮಗು ಗಣಿತದಲ್ಲಿ ಸುಮಾರು 14 ಸ್ಥಾನ, ಹಿಂದಿಯಲ್ಲಿ 9 ಸ್ಥಾನ ಮುಂದೆ ಬಂತು.

ಇಲ್ಲೊಂದು ಕೊಕ್ಕೆ ಇದೆ. ಶಾಲೆಯದೇ ಗಣಿತ ಪರೀಕ್ಷೆಯಲ್ಲಿ ಈ ಮಕ್ಕಳ ಅಂಕ ಗಮನಾರ್ಹವಾಗಿ ಏರಲಿಲ್ಲ. ಎಂಟನೇ ತರಗತಿಯ ಹುಡುಗ ನಾಲ್ಕನೆಯದರಿಂದ ಐದನೆಯದರ ಮಟ್ಟಕ್ಕೆ ಹತ್ತಿದರೆ, ಎಂಟನೆಯದರ ಪ್ರಶ್ನೆಪತ್ರಿಕೆಗೆ ಅದು ಕಾಣುವುದೇ ಇಲ್ಲ. ಅಂಕಪಟ್ಟಿ ನೋಡಿ ‘ಕಂಪ್ಯೂಟರ್ ದಂಡ’ ಎಂದು ತೀರ್ಮಾನಿಸುವ ಮುಖ್ಯೋಪಾಧ್ಯಾಯರ ತಪ್ಪಲ್ಲ ಅದು. ಅಳೆಯುವ ಕೋಲೇ ಬಹಳ ಎತ್ತರದಲ್ಲಿ ತೂಗುತ್ತಿದೆ.

ಯಾವುದರ ಬದಲಿಗೆ ಯಂತ್ರ ಬಂತು ಎಂಬುದೂ ಅಷ್ಟೇ ಮುಖ್ಯ. ಗುಜರಾತಿನ ಜ್ಞಾನಶಾಲಾ ಶಾಲೆಗಳಲ್ಲಿ ಲೀ ಲಿಂಡೆನ್ ಎಂಬ ಅರ್ಥಶಾಸ್ತ್ರಜ್ಞ ಒಂದೇ ಗಣಿತ ತಂತ್ರಾಂಶವನ್ನು ಎರಡು ರೀತಿ ಬಳಸಿ ನೋಡಿದರು. ಶಾಲೆ ಮುಗಿದ ಮೇಲೆ ಹೆಚ್ಚುವರಿಯಾಗಿ ಬಳಸಿದಾಗ ಮಕ್ಕಳು ಮುಂದೆ ಹೋದರು. ಶಿಕ್ಷಕರ ಪಾಠದ ಹೊತ್ತನ್ನೇ ಕಿತ್ತು ಕಂಪ್ಯೂಟರಿಗೆ ಕೊಟ್ಟಾಗ ಹಿಂದೆ ಬಿದ್ದರು, ಅದೂ ಮುಂದೆ ಹೋದದ್ದರ ಎರಡರಷ್ಟು. ಪೆರು ದೇಶ ಲಕ್ಷಗಟ್ಟಲೆ ಲ್ಯಾಪ್‌ಟಾಪ್ ಹಂಚಿತು. 319 ಗ್ರಾಮೀಣ ಶಾಲೆಗಳಲ್ಲಿ ಪರಿಶೀಲಿಸಿದಾಗ ಗಣಿತ, ಭಾಷೆ ಎರಡರಲ್ಲೂ ಫಲ ಶೂನ್ಯ. ನಮ್ಮಲ್ಲೂ 2020ರಲ್ಲಿ ಶಾಲೆ ಮುಚ್ಚಿದಾಗ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಬಂದವು, ಜೊತೆಗೆ ‘ವಿದ್ಯಾಗಮ’ದ ಹೆಸರಲ್ಲಿ ಮೇಷ್ಟ್ರುಗಳು ಓಣಿಗೇ ಹೋಗಿ ಜಗಲಿ, ಮರದ ನೆರಳುಗಳಲ್ಲಿ ಮಕ್ಕಳನ್ನು ಕೂರಿಸಿಕೊಂಡರು. ಎರಡನ್ನೂ ಕಂಡ ಪೋಷಕರಿಗೆ ವ್ಯತ್ಯಾಸ ವಿವರಿಸಿ ಹೇಳಬೇಕಿಲ್ಲ.

ಹಾಗಾದರೆ ತರಗತಿಗೊಂದೇ ಟಿ.ವಿ. ಇರುವ ಶಾಲೆಯ ಪಾಡೇನು? ಅಲ್ಲೂ ದಾರಿಯಿದೆ. ವೀಡಿಯೊ ನಿಲ್ಲಿಸಿ, ಪ್ರಶ್ನೆ ಕೇಳಿ, ಎಲ್ಲರೂ ಸ್ಲೇಟಿನಲ್ಲಿ ಬರೆದು ಒಟ್ಟಿಗೆ ಎತ್ತಿ ತೋರಿಸುವುದು ಹಳೆಯ ಉಪಾಯ, ಈಗಲೂ ಪೊಗದಸ್ತು. ಹೊಸದು ಬೇಕೆಂದರೆ ‘ಪ್ಲಿಕರ್ಸ್’ ಎಂಬುದಿದೆ. ಪ್ರತಿ ಮಗುವಿನ ಕೈಯಲ್ಲಿ ಕ್ಯೂಆರ್ ಸಂಕೇತದಂಥ ಕಪ್ಪು ಆಕೃತಿಯ ಒಂದು ಕಾಗದ. ಅದರ ನಾಲ್ಕು ಅಂಚಿಗೆ ನಾಲ್ಕು ಉತ್ತರ. ತನ್ನ ಉತ್ತರದ ಅಂಚನ್ನು ಮೇಲೆ ಮಾಡಿ ಹಿಡಿದರಾಯಿತು. ಟೀಚರ್ ತಮ್ಮ ಒಂದೇ ಫೋನಿನ ಕ್ಯಾಮೆರಾವನ್ನು ತರಗತಿಯ ಮೇಲೆ ಆಡಿಸಿದರೆ ಯಾರ ಉತ್ತರ ಏನೆಂದು ದಾಖಲಾಗುತ್ತದೆ. ಆಕೃತಿಗಳೆಲ್ಲ ಬೇರೆ ಬೇರೆಯಾದ್ದರಿಂದ ಪಕ್ಕದವನನ್ನು ನೋಡಿ ನಕಲು ಮಾಡುವುದೂ ಕಷ್ಟ.

ಇಷ್ಟರಲ್ಲಿ ಎಲ್ಲಕ್ಕಿಂತ ಮಾತುಗಾರ ಪೆಟ್ಟಿಗೆ ಬಂದಿದೆ. ಟರ್ಕಿಯ ಒಂದು ಪ್ರೌಢಶಾಲೆಯಲ್ಲಿ ಸುಮಾರು ಸಾವಿರ ವಿದ್ಯಾರ್ಥಿಗಳ ಮೇಲೆ ನಡೆದ, 2024ರಲ್ಲಿ ಹೊರಬಂದ ಅಧ್ಯಯನದಲ್ಲಿ ಒಂದು ಗುಂಪು ಗಣಿತ ಅಭ್ಯಾಸ ಮಾಡುವಾಗ ಸಾಮಾನ್ಯ ಚಾಟ್‌ಜಿಪಿಟಿಯಂಥ ಸಹಾಯಕನನ್ನು ಬಳಸಿತು. ಅಭ್ಯಾಸದಲ್ಲಿ ಅವರ ಸಾಧನೆ ಶೇ 48ರಷ್ಟು ಜಿಗಿಯಿತು. ಸಹಾಯಕನನ್ನು ಕಿತ್ತುಕೊಂಡು ಪರೀಕ್ಷೆಗೆ ಕೂರಿಸಿದಾಗ, ಯಂತ್ರವನ್ನೇ ಕಾಣದವರಿಗಿಂತ ಶೇ 17ರಷ್ಟು ಕೆಳಗಿದ್ದರು. ಕೇಳಿದ ಕೂಡಲೇ ಉತ್ತರ ಸಿಗುತ್ತಿದ್ದುದರಿಂದ ತಡಕಾಡುವ ಕೆಲಸವನ್ನು ಯಂತ್ರಕ್ಕೇ ಬಿಟ್ಟಿದ್ದರು; ತಾವು ಕಡಿಮೆ ಕಲಿತಿದ್ದೇವೆ ಎಂಬ ಅರಿವೂ ಅವರಿಗಿರಲಿಲ್ಲ. ಇನ್ನೊಂದು ಗುಂಪಿಗೆ ಕೊಟ್ಟದ್ದು ಅದೇ ಯಂತ್ರ, ಬಾಯಿಗೆ ಕಡಿವಾಣ ಹಾಕಿ: ಉತ್ತರ ಹೇಳಬೇಡ, ಸುಳಿವು ಕೊಡು. ಅಭ್ಯಾಸದಲ್ಲಿ ಈ ಗುಂಪು ಇನ್ನೂ ಹೆಚ್ಚು ಮುಂದೆ ಹೋಯಿತು, ಪರೀಕ್ಷೆಯಲ್ಲಿ ಆ ಕುಸಿತವೂ ಕಾಣಲಿಲ್ಲ.

ಆ ಕಡಿವಾಣವನ್ನು ಹೆಣೆದದ್ದು ಯಂತ್ರವಲ್ಲ. ಪ್ರತಿ ಲೆಕ್ಕಕ್ಕೂ ಮಕ್ಕಳು ಸಾಮಾನ್ಯವಾಗಿ ಎಲ್ಲಿ ಎಡವುತ್ತಾರೆ, ಆಗ ಏನು ಹೇಳಿದರೆ ದಾರಿಗೆ ಬರುತ್ತಾರೆ ಎಂಬುದನ್ನು ಶಿಕ್ಷಕರು ಬರೆದು ಕೊಟ್ಟಿದ್ದರು. ಕನ್ನಡದ ಮಕ್ಕಳು ಭಿನ್ನರಾಶಿಯಲ್ಲಿ, ಒತ್ತಕ್ಷರದಲ್ಲಿ, ವಿದ್ಯುತ್ ಮಂಡಲದ ಚಿತ್ರದಲ್ಲಿ ಎಲ್ಲೆಲ್ಲಿ ಎಡವುತ್ತಾರೆ ಎಂಬುದು ನಮ್ಮ ಸಾವಿರಾರು ಸರ್ಕಾರಿ ಶಾಲೆಗಳ ಶಿಕ್ಷಕರಿಗೆ ಚೆನ್ನಾಗಿ ಗೊತ್ತು. ಬೋರ್ಡ್ ಖರೀದಿಗೆ ಟೆಂಡರ್ ಕರೆಯುವ ಮೊದಲು ಆ ಪಟ್ಟಿ ಬರೆಸುವುದಕ್ಕೆ ಅವರಿಗೆ ಒಂದು ಬೇಸಿಗೆ ರಜೆಯ ಸಂಬಳ ಕೊಟ್ಟರೂ ಬೋರ್ಡಿನ ಲೆಕ್ಕದ ಮುಂದೆ ಅದು ಚಿಲ್ಲರೆ ಕಾಸು.